ಇಟ್ಟ ಕೈ

ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಗಂಡ ಹೆಂಡತಿ ಬರಿಗಾಲಲ್ಲೇ ಕಡಲತೀರದ ಠಾಣೆಗೆ ಓಡಿಬಂದರು. ವಸತಿಗೃಹದ ವರಾಂಡದಲ್ಲಿ ಆಡುತ್ತಿದ್ದ ನಾಲ್ಕು ವರ್ಷದ ಮಗಳು ಕಾಣೆಯಾಗಿದ್ದಳು. ಸಂಸಾರದ ಮೊದಲ ಪ್ರವಾಸ. ಹಿಂದಿನ ದಿನ ತಲುಪುವಾಗ ಕತ್ತಲಾಗಿತ್ತು. ಮಗು ಇನ್ನೂ ಸಮುದ್ರವನ್ನೇ ನೋಡಿರಲಿಲ್ಲ. ಆರೂವರೆಗೆ ಗಂಡ ಚಹಾ ತರಲು ಹೋಗಿದ್ದ, ಹೆಂಡತಿ ಸ್ನಾನದ ಮನೆಯಲ್ಲಿದ್ದಳು. ಹತ್ತೇ ನಿಮಿಷ ಎಂದು ಗಂಡ ನಾಲ್ಕು ಸಲ ಹೇಳಿದ. ದೂರಿಗೆ ಹೆಂಡತಿ ಸಹಿ ಹಾಕಿದಳು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಇಬ್ಬರು ಪೇದೆಗಳನ್ನು ನೀರಿನಂಚಿಗೆ ಅಟ್ಟಿದ. ಅವರನ್ನು ಅಲ್ಲಿಗೇ ಏಕೆ ಕಳಿಸಿದೆನೆಂದು ಬಾಯಿಬಿಟ್ಟು ಹೇಳಲಿಲ್ಲ.

7.50ಕ್ಕೆ ವಸತಿಗೃಹದ ಕೋಣೆಯಲ್ಲಿ ಪಂಚನಾಮೆ ಶುರುವಾಯಿತು. ಮಗುವಿನ ಚೀಲಕ್ಕೆ ಒಂದು ಪಟ್ಟಿ ಸಿಕ್ಕಿಸಿತ್ತು: ಅಂಗಿ ಆರು, ಟೋಪಿ ಒಂದು, ಕಿವಿಯ ಔಷಧಿ (ತಳದಲ್ಲಿ, ಕಾಲುಚೀಲದೊಳಗೆ). ಮಹಿಳಾ ಪೇದೆ ಒಂದೊಂದನ್ನೇ ತಾಳೆ ನೋಡಿದಳು. ಔಷಧಿಯೊಂದೇ ಇರಲಿಲ್ಲ. ಮೇಜಿನ ಮೇಲಿನ ಚಿನ್ನದ ಸರ ಬಿಚ್ಚಿಟ್ಟಲ್ಲೇ ಇತ್ತು.

"ಬಟ್ಟೆ ಮಡಿಕೆ ಕೂಡ ಕೆಟ್ಟಿಲ್ಲ. ಈ ಕಳ್ಳನ್ನ ನಮ್ಮನೆ ಬೀರು ಜೋಡಿಸೋಕೆ ಕರೀಬೇಕು ಸಾರ್," ಎಂದ ಮುಖ್ಯಪೇದೆ.

ಇನ್‌ಸ್ಪೆಕ್ಟರ್ ನಗಲಿಲ್ಲ. ಇದು ಹುಡುಕಿ ತೆಗೆದ ಕೈಯಲ್ಲ, ಅಲ್ಲಿ ಇಟ್ಟ ಕೈಯೇ ಎನಿಸಿತು ಅವನಿಗೆ.

"ಮಗೂಗೆ ಯಾವ ಕಿವಿ ನೋವು?"

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು.

"ಔಷಧಿ ಹಾಕೋರು ಯಾರು?"

"ನಮ್ಮಕ್ಕ," ಎಂದಳು ಹೆಂಡತಿ.

"ಚೀಲ ತುಂಬಿದ್ದು?"

"ಅಕ್ಕಾನೇ."

"ಅವರ್ಯಾಕೆ ಬಂದಿಲ್ಲ?"

"ಕೋಣೇಲಿ ಜಾಗ ಇರ್ಲಿಲ್ಲ," ಎಂದಳು.

ಮಗುವಿಗೆ ಮೂರು ತಿಂಗಳಾದಾಗ ತಂಗಿ ಕೆಲಸಕ್ಕೆ ಮರಳಿದಳಂತೆ. ಅಂದು ಮಗುವನ್ನು ನೋಡಿಕೊಳ್ಳಲು ತನ್ನ ಹೊಲಿಗೆ ಅಂಗಡಿ ಮುಚ್ಚಿ ಬಂದ ಅಕ್ಕ ಮತ್ತೆ ಅದರ ಬಾಗಿಲು ತೆರೆದಿರಲಿಲ್ಲ.

8.40ಕ್ಕೆ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್ ಸಿಕ್ಕ. ಪ್ರತಿ ತಿರುವಿನಲ್ಲೂ "ಸಮುದ್ರ ಬಂತಾ?" ಎಂದು ತಲೆ ತಿಂದ ಹುಡುಗಿ ಅವನಿಗೆ ಚೆನ್ನಾಗಿ ನೆನಪಿದ್ದಳು. ಅವಳೂ ಜೊತೆಗಿದ್ದ ಹೆಂಗಸೂ ದೀಪಸ್ತಂಭದ ಹತ್ತಿರ ಇಳಿದಿದ್ದರು. ಅಲ್ಲಿ ಬಂಡೆಗಳ ಮರೆಯಲ್ಲಿ ನೀರು ಶಾಂತ.

9.25. ಮಗು ಮೊಣಕಾಲವರೆಗೆ ನೀರಲ್ಲಿ ನಿಂತು ಕೇಕೆ ಹಾಕುತ್ತಿತ್ತು. ಎಡಗಿವಿಯಲ್ಲಿ ಹತ್ತಿ. ಅದರ ಎರಡೂ ಕೈ ಹಿಡಿದಿದ್ದ ದೊಡ್ಡಮ್ಮ ಖಾಕಿ ಕಂಡರೂ ಓಡಲಿಲ್ಲ.

"ಇನ್ನೊಂದು ಅಲೆ ಬಂದು ಹೋಗ್ಲಿ ಸಾರ್," ಎಂದಳು.

ಇನ್‌ಸ್ಪೆಕ್ಟರ್ ಕಾದ.

ಠಾಣೆಯಲ್ಲಿ ಅವಳು ಏನನ್ನೂ ಬಚ್ಚಿಡಲಿಲ್ಲ. ಎರಡು ವರ್ಷದಿಂದ ಸಮುದ್ರದ ಕತೆ ಹೇಳಿ ಉಣಿಸುತ್ತಿದ್ದಳು, ತಾನೇ ಕೈಹಿಡಿದು ತೋರಿಸುವೆನೆಂದು ಮಾತು ಕೊಟ್ಟಿದ್ದಳು. ನಿನ್ನೆ ಅವರು ಹೊರಟ ಮೇಲೆ ಮಗುವಿನ ಹಾಸಿಗೆಗೆ ದಪ್ಪ ಹೊದಿಕೆ ಹಾಕಲು ತಿಳಿಸೋಣವೆಂದು ವಸತಿಗೃಹಕ್ಕೆ ಫೋನು ಮಾಡಿದಳು. ಒಂದು ಮಂಚ ಖಾಲಿಯೇ ಇದೆ, ನೀವೂ ಬರಬಹುದಿತ್ತಲ್ಲ ಎಂದ ವ್ಯವಸ್ಥಾಪಕ. ಅವಳು ಮುಂದಿನ ಬಸ್ಸು ಹತ್ತಿದಳು. ಬೆಳಿಗ್ಗೆ ವರಾಂಡದಲ್ಲಿ ಮಗು ಒಂಟಿಯಾಗಿತ್ತು; ಚೀಲದಿಂದ ಔಷಧಿ ತೆಗೆದುಕೊಂಡು ಅದರ ಕೈ ಹಿಡಿದು ಹೊರಟಳು.

"ಬರ್ಬೇಡ ಅಂದಿದ್ರೆ ಬರ್ತಿರ್ಲಿಲ್ಲ ಸಾರ್. ಜಾಗ ಇಲ್ಲ ಅಂದ್ಲು."

ಇನ್‌ಸ್ಪೆಕ್ಟರ್ ತಂಗಿಯನ್ನು ಪಕ್ಕದ ಕೋಣೆಗೆ ಕರೆದು, ದೂರಿನಲ್ಲಿ ಬದಲಿಸುವುದೇನಾದರೂ ಇದೆಯೇ ಎಂದು ಕೇಳಿದ. 

"ನನ್ನ ಮಗಳು ಅವಳನ್ನ ಅಮ್ಮ ಅಂತಾಳೆ ಸಾರ್. ನನ್ನನ್ನ ಹೆಸರು ಹಿಡಿದು ಕೂಗ್ತಾಳೆ. ನಾಲ್ಕು ದಿನ ನಾವು ಮೂವರೇ ಇದ್ರೆ ಸರಿಹೋಗ್ಬಹುದು ಅನ್ಕೊಂಡಿದ್ದೆ." ಕಣ್ಣೊರೆಸಿಕೊಂಡಳು. "ಬದಲಿಸೋದೇನಿಲ್ಲ."

12.15ಕ್ಕೆ ಬಂಧನ ಪತ್ರ ಬರೆಯಲು ಕುಳಿತ ಇನ್‌ಸ್ಪೆಕ್ಟರ್ ಕೊನೆಯ ಅಂಕಣಕ್ಕೆ ಬಂದಾಗ ನಿಯಮದಂತೆ ಕೇಳಿದ:

"ನಿಮ್ಮನ್ನ ಬಂಧಿಸಿರೋದನ್ನ ಯಾರಿಗೆ ತಿಳಿಸ್ಬೇಕು? ನಿಮ್ಮೋರು ಅಂತ ಯಾರಿದಾರೆ?"

ದೊಡ್ಡಮ್ಮ ಬಾಗಿಲ ಕಡೆ ನೋಡಿದಳು. ಹೊರಗಿನ ಬೆಂಚಿನ ಮೇಲೆ ತಂಗಿ ಅಳುವ ಮಗುವನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

"ಅವಳೊಬ್ಬಳೇ ಸಾರ್."

ಅವನು ಆ ಅಂಕಣದಲ್ಲಿ ದೂರುದಾರಳ ಹೆಸರನ್ನೇ ಬರೆದ.