ಆರನೇ ಎಪಿಸೋಡಿನ ನಗು

ಕನ್ನಡಿಯಲ್ಲಿ ಕೆಂಪು ಹೆಲ್ಮೆಟ್!

ಶಿರಿಯ ಸೇತುವೆಯಿಂದ ಒಂದು ಸ್ಕೂಟರ್ ನನ್ನ ಹಿಂದೆ ಬಿದ್ದಿದೆ. ನಾನು ಬೈಕನ್ನು ಎಪ್ಪತ್ತಕ್ಕೆ ಏರಿಸಿದರೆ ಆ ಸ್ಕೂಟರೂ ಎಪ್ಪತ್ತು. ಉಪ್ಪಳದಲ್ಲಿ ಬಸ್ಸಿನ ಎಡಬದಿಯಿಂದ ನುಗ್ಗಿದೆ... ಅದೂ ನುಗ್ಗಿತು! ಸ್ಕೂಟರಿನ ಮುಂದಿದ್ದ ಚೀಲದಿಂದ ಒಂದು ಕತ್ತಿ ಇಣುಕುತ್ತಿತ್ತು. ತೆಂಗಿನ ಮಡಲು ಕಡಿಯುವ ಕತ್ತಿ.

ನನ್ನ ಅಂಗಿಯೊಳಗೆ ಒಂದು ವಿಡಿಯೋ ಕ್ಯಾಸೆಟ್.

ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು, ಸಾರ್. ಓಡಿಹೋದ ಅಳಿಯ, ಕದ್ದ ಬೈಕು, ಮಾಯವಾದ ಜಾಗದ ಆಧಾರಪತ್ರ... ಪೊಲೀಸರ ಏಟು ತಿಂದಿದ್ದೇನೆ, ರೌಡಿಗಳ ಏಟೂ ತಿಂದಿದ್ದೇನೆ. ಆದರೆ ಹಳೇ ದೆವ್ವದ ಸೀರಿಯಲಿಗಾಗಿ ಕತ್ತಿಯೇಟು? ಛೆ!

ಎಲ್ಲ ಶುರುವಾದದ್ದು ಬೆಳಗ್ಗೆ ಹತ್ತಕ್ಕೆ. ಬೋಜ ಬಂದ. ಆರೂಕಾಲು ಅಡಿ. ಮಸ್ಕತ್ತಿನ ಹೋಟೆಲಿನಲ್ಲಿ ಹತ್ತು ವರ್ಷ ಬೌನ್ಸರ್. ಗಲಾಟೆ ಮಾಡುವವರನ್ನು ಒಂದೇ ಕೈಯಲ್ಲಿ ಎತ್ತಿ ಹೊರಗಿಡುವ ಆಳು. ಹೊಸಂಗಡಿಯ ನನ್ನ ಆಫೀಸಿನಲ್ಲಿ ಕುಳಿತು ಅತ್ತ!

“ಕುಶಲಣ್ಣ, ನನ್ನ ಮದುವೆ ನಿಲ್ತದೆ.”

“ಎಂತ ಆಯ್ತು?”

“ನಿಶ್ಚಿತಾರ್ಥದ ದಿನ ನಮಿತಾ ನಕ್ಕಳು.”

“ಹುಡುಗಿ ನಗಬಾರದಾ?”

“ನಾನು ಹಿಂದಿನ ಬಾಗಿಲಲ್ಲಿ ಓಡಿದೆ ಅಣ್ಣ!”

ಆ ನಗು ಅವನಿಗೆ ಗೊತ್ತಿತ್ತು. ‘ಶುಕ್ರವಾರದ ಅತಿಥಿ’... ತೊಂಬತ್ತಾರರಲ್ಲಿ ನಮ್ಮ ಕಡೆಯ ಕೇಬಲ್ ಚಾನೆಲಿನಲ್ಲಿ ಬರುತ್ತಿದ್ದ ಸೀರಿಯಲ್. ವಾರಕ್ಕೊಂದು ಕತೆ, ವಾರಕ್ಕೊಂದು ಪ್ರೇತ. ಆರನೇ ಎಪಿಸೋಡಿನ ಪ್ರೇತಕ್ಕೆ ಮುಖವಿಲ್ಲ. ಬಿಚ್ಚಿದ ಕೂದಲು, ಬಿಳಿ ಸೀರೆ, ನಗು. ಅಷ್ಟೇ! ಅದನ್ನು ಕೇಳಿ ಒಂಬತ್ತು ವರ್ಷದ ಬೋಜ ಚಾದರದೊಳಗೆ ಹೊಕ್ಕವನು ಇನ್ನೂ ಪೂರ್ತಿ ಹೊರಗೆ ಬಂದಿರಲಿಲ್ಲ.

“ಓಡಿದ್ದು ಎಂತಕ್ಕೆ ಅಂತ ಇವತ್ತು ನಾಲ್ಕು ಗಂಟೆಗೆ ಹೇಳ್ಬೇಕಂತೆ. ಇಲ್ಲದಿದ್ರೆ ಉಂಗುರ ವಾಪಸ್. ಆ ಎಪಿಸೋಡ್ ಒಮ್ಮೆ ಪುನಃ ನೋಡ್ಬೇಕು. ನೋಡಿದ್ರೆ ಹೆದರಿಕೆ ಹೋದೀತು.”

ನಾನು ನಗಲಿಲ್ಲ, ಸಾರ್. ಆ ಎಪಿಸೋಡ್ ನಾನೂ ನೋಡಿದ್ದೆ!

“ನಾಲ್ಕಕ್ಕೆ ಅವಳನ್ನು ಇಲ್ಲಿಗೇ ಕರಿ” ಎಂದು ಹೇಳಿ ಹೊರಟೆ. ಆ ಸೀರಿಯಲ್ ತೆಗೆದ ಕುಂಞಣ್ಣ ಶಿರಿಯದಲ್ಲಿದ್ದರು. ಎಪ್ಪತ್ತು ದಾಟಿದ ಮುದುಕ. ಅಟ್ಟ ಹತ್ತಿ, ಧೂಳು ಒರೆಸಿ ಕ್ಯಾಸೆಟ್ ಕೊಟ್ಟರು, ವಿಸಿಆರ್ ಕೂಡ. “ಎಡಿಟಿಂಗ್ ಆಗದ ಟೇಪು, ಜಾಗ್ರತೆ” ಎಂದರು. ನಾನು ಅಂಗಳ ದಾಟುವ ಮೊದಲೇ ಯಾರಿಗೋ ಫೋನ್ ಮಾಡಿದರು.

ಐದೇ ನಿಮಿಷ... ಹಿಂದೆ ಕೆಂಪು ಹೆಲ್ಮೆಟ್!

ಹೊಸಂಗಡಿಯ ರೈಲ್ವೆ ಗೇಟು. ಬಂದ್!

ಗೇಟು ಬಿದ್ದ ಮೇಲೆ ಮಂತ್ರಿಯೂ ಒಂದೇ, ಮೀನಿನ ಟೆಂಪೋವೂ ಒಂದೇ. ಎಡಕ್ಕೆ ಆಟೋ, ಬಲಕ್ಕೆ ಬಸ್ಸು. ಸ್ಕೂಟರ್ ನಡುವೆ ನುಸುಳಿ ಬಂದು ನನ್ನ ಪಕ್ಕದಲ್ಲೇ ನಿಂತಿತು. ಕತ್ತಿಯ ತುದಿ ನನ್ನ ಹೊಟ್ಟೆಗೆ ತಾಗಿತು.

“ಟೇಪ್ ಕೊಡು!”

ಹೆಂಗಸಿನ ಸ್ವರ! ಹೆಲ್ಮೆಟ್ ತೆಗೆದಳು. ಐವತ್ತೈದು ದಾಟಿದ ಮುಖ, ಬೆವರಿನಲ್ಲಿ ಕರಗಿದ ಕುಂಕುಮ.

“ನಾನು ಹರಿಣಾಕ್ಷಿ. ನಮಿತಾನ ಅಮ್ಮ.”

“ಅಕ್ಕ, ಕತ್ತಿ ತೆಗೀರಿ... ಜನ ನೋಡ್ತಾರೆ.”

“ನೋಡ್ಲಿ! ಅದ್ರಲ್ಲಿ ನಕ್ಕದ್ದು ನಾನು ಮಾರಾಯ!”

ನಾನು ಅಂಗಿಯೊಳಗಿನ ಕ್ಯಾಸೆಟ್ಟನ್ನು ಒತ್ತಿ ಹಿಡಿದೆ.

“ಆಗ, ಕಟ್ಟಿದ ಬೀಡಿ ಕೊಡ್ಲಿಕ್ಕೆ ಕಂಪೆನಿಯ ಬ್ರಾಂಚಿಗೆ ಹೋಗ್ತೇನೆ ಅಂತ ಮನೆಯಲ್ಲಿ ಹೇಳುದು. ದಾರಿಯಲ್ಲಿ ಕುಂಞಣ್ಣನಲ್ಲಿ ನಕ್ಕು ಹೋಗುದು. ಇಷ್ಟು ವರ್ಷ ಒಬ್ಬರಿಗೂ ಗೊತ್ತಿಲ್ಲ. ಈಗ ಬೋಜನಿಗೆ ಗೊತ್ತಾದ್ರೆ? ಪ್ರೇತದ ಮಗಳು ಅಂತ ಬಿಟ್ಟು ಹೋದ್ರೆ?”

ಅವಳ ಕಣ್ಣು ತುಂಬಿತ್ತು. ಕತ್ತಿ ಮಾತ್ರ ಅಲ್ಲಾಡಲಿಲ್ಲ.

“ಅಕ್ಕ, ಬೋಜನೇ ನನ್ನನ್ನು ಕಳಿಸಿದ್ದು!”

“ಎಂತಕ್ಕೆ?”

ಹೇಳಿದೆ. ಚಾದರ, ಹಿಂದಿನ ಬಾಗಿಲು, ಆರೂಕಾಲು ಅಡಿಯ ಅಳು... ಎಲ್ಲ ಹೇಳಿದೆ. ಅವಳ ಗಂಟಲಲ್ಲಿ ಏನೋ ಗುಳುಗುಳು ಎಂದಿತು. ಕತ್ತಿ ಕೆಳಗಿಳಿಯಿತು. ಆಮೇಲೆ ನಕ್ಕಳು.

ಅಯ್ಯೋ ದೇವರೇ! ಅದೇ ನಗು!

ರೈಲಿನ ಸದ್ದನ್ನೂ ಮೀರಿ ಕೇಳಿತು. ಆಟೋದವ ರಿವರ್ಸ್ ಹಾಕಿದ. ಬಸ್ಸಿನ ಕಿಟಕಿಗಳು ಧಡಧಡ ಮುಚ್ಚಿಕೊಂಡವು. ನಾನು ಗಟ್ಟಿ ಮನುಷ್ಯ, ಸಾರ್. ಆದರೂ ಹೆದರಿ ಕತ್ತಿ ಹಿಡಿದ ಅವಳ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ!

ನಾಲ್ಕು ಗಂಟೆ. ನನ್ನ ಆಫೀಸು. ಬೋಜ, ನಮಿತಾ, ಹರಿಣಾಕ್ಷಿ ಸಾಲಾಗಿ ಕುಳಿತರು. ಟಿವಿಗೆ ವಿಸಿಆರ್ ಸಿಕ್ಕಿಸಿದೆ.

ಬಿಳಿ ಸೀರೆ ಬಂತು. ಕೂದಲು ಹಾರಿತು. ಹಿಂದೆ ಟೇಬಲ್ ಫ್ಯಾನ್ ಕಾಣಿಸಿತು! ಬೋಜನ ತುಟಿ ಸ್ವಲ್ಪ ಅರಳಿತು. ಅಷ್ಟರಲ್ಲಿ ನಗು... ಅವನು ನನ್ನ ಕೈ ಹಿಚುಕಿದ. ಎರಡು ಬೆರಳು ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ.

ನಗು ನಿಂತಿತು. ಪ್ರೇತ ಕೂದಲು ಹಿಂದಕ್ಕೆ ತಳ್ಳಿ ಕ್ಯಾಮೆರಾದ ಕಡೆ ನೋಡಿತು.

“ಆಯ್ತಲ್ಲ ಕುಂಞಣ್ಣ? ಬೇಗ ಬಿಡಿ ಮಾರಾಯ್ರೆ... ಬೀಡಿ ಬ್ರಾಂಚ್ ಬಂದ್ ಆಗ್ತದೆ!”

ನಮಿತಾ ಕುರ್ಚಿಯಿಂದ ಜಿಗಿದಳು. “ಅಮ್ಮ?!”

“ಹೌದು, ನಾನೇ. ಆಗ ನೀನು ತೊಟ್ಟಿಲಲ್ಲಿ.”

ಇನ್ನು ಅಡಗಿಸುವುದೇನು? ಬೋಜ ತಲೆತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ.

“ನನ್ನ ನಗು ಕೇಳಿ ಓಡಿದ್ದಾ?” ನಮಿತಾ ಅವನ ಕಡೆ ತಿರುಗಿದಳು. “ನಿಮಗೆ ಮಸ್ಕತ್ತಿನಲ್ಲಿ ಬೇರೆ ಹೆಂಡತಿ ಉಂಟು ಅಂತ ನಾನು ಹತ್ತು ದಿನ ಅತ್ತೆ!”

ಸಟ್ಟನೆ ಹೋಗಿ ಬಾಗಿಲು ಪೂರ್ತಿ ತೆರೆದಿಟ್ಟಳು. ವಾಪಸ್ ಬಂದು ಅವನ ಎದುರು ನಿಂತಳು. ಬಾಯಿ ತುಂಬ ನಕ್ಕಳು! ಕೆಳಗಿನ ಬೇಕರಿಯಲ್ಲಿ ಗ್ಲಾಸು ಒಡೆದ ಸದ್ದು ಕೇಳಿತು.

ಬೋಜನ ಅಂಗಿ ಒದ್ದೆ. ಒಂದು ಪಾದ ಬಾಗಿಲ ಕಡೆ ತಿರುಗಿತು... ನಿಂತಿತು.

“ಓಡಿ ನೋಡುವ!”

“ಓಡುದಿಲ್ಲ.”

“ಹೆದರಿಕೆ ಹೋಯ್ತಾ?”

“ಇಲ್ಲ... ಉಂಟು.”

“ಮತ್ತೆ?”

“ಮತ್ತೆ ಎಂತ... ನೀನು ನಗು. ನಾನು ಇಲ್ಲೇ ಇರ್ತೇನೆ.”

ನಮಿತಾ ನಗುತ್ತಲೇ ಅತ್ತಳು. ಹರಿಣಾಕ್ಷಿಯೂ ಅತ್ತಳು. ನನ್ನ ಕಣ್ಣಿಗೆ ಧೂಳು ಬಿದ್ದಿತ್ತು... ಕ್ಯಾಸೆಟ್ಟಿನ ಧೂಳು, ಬೇರೇನಲ್ಲ!

ಹನ್ನೆರಡನೇ ದಿನ ಮದುವೆ ನಡೆಯಿತು. ನಾನೂ ಹೋಗಿ ಉಂಡು ಬಂದೆ. ಕೇಸು ಗೆದ್ದೆನೋ ಸೋತೆನೋ ನೀವೇ ಹೇಳಿ. ಅವನ ಹೆದರಿಕೆಯನ್ನು ನಾನು ಓಡಿಸಲಿಲ್ಲ, ಸಾರ್...

ಅವನು ಆ ಹೆದರಿಕೆಗೇ ಕರಿಮಣಿ ಕಟ್ಟಿದ!