ಬಾಳವ್ವ ಹೇಳದ ಹೆಸರು

ಬಹಳ ಬಹಳ ಹಿಂದೆ ಕೆಂಗಲ್ಲುಕೋಟೆ ಅನ್ನುವ ಒಂದು ರಾಜ್ಯವಿತ್ತು. ಅಲ್ಲಿಯ ರಾಜನಿಗೆ ಆನೆ ಕಡಿಮೆ, ನೆಂಟರು ಹೆಚ್ಚು. ವರ್ಷವೆಲ್ಲ ಒಂದಲ್ಲ ಒಂದು ಮನೆಯಲ್ಲಿ ಮದುವೆ, ಸೀಮಂತ, ತೊಟ್ಟಿಲು. ಹಂದರ ಹಾಕಿದ ಕಡೆ ಕರಡಿ ಮಜಲಿನ ಮೇಳ ಬರಲೇಬೇಕು, ಹೆಂಗಸರು ಒಡಪು ಹೇಳಲೇಬೇಕು.

ಕರಡಿ ಅಂದರೆ ಕಾಡಿನ ಕರಡಿಯಲ್ಲ. ಕೊರಳಿಗೆ ಕಟ್ಟಿಕೊಂಡು ಬಾರಿಸುವ ವಾದ್ಯ. ಬಾರಿಸಿದರೆ ಕರಡಿಯ ಹಾಗೆಯೇ ಗುಟುರು ಹಾಕುತ್ತದೆ. ಒಡಪು ಅಂದರೆ ಗಂಡನ ಹೆಸರನ್ನು ಪ್ರಾಸದೊಳಗೆ ಸುತ್ತಿ ಹೇಳುವುದು. ಆ ರಾಜ್ಯದಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದರು. ಒಡಪಿನಲ್ಲಿ ಹೇಳಿದರೆ ಮಾತ್ರ ದೋಷವಿರಲಿಲ್ಲ.

ಅಲ್ಲಿ ಬಾಳವ್ವ ಎಂಬ ಹೆಣ್ಣುಮಗಳಿದ್ದಳು. ಒಡಪು ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೊಸ ಮದುಮಗಳು ಬಂದು, "ಬಾಳಕ್ಕಾ, ನನಗೊಂದು ಒಡಪು ಕಟ್ಟಿಕೊಡ" ಅಂದರೆ ಸಾಕು, ರೊಟ್ಟಿ ಬಡಿಯುತ್ತಲೇ ಕಟ್ಟಿಕೊಡುತ್ತಿದ್ದಳು. ತನ್ನ ಗಂಡನ ಹೆಸರು ಹೇಳು ಅಂದರೆ ಮಾತ್ರ ಬಾಯಿಗೆ ಬೀಗ. ಮದುವೆಯ ದಿನ ನಾದಿನಿ ಬಾಗಿಲಿಗೆ ಅಡ್ಡ ನಿಂತು, "ಹೆಸರು ಹೇಳು, ಒಳಗ ಬಾ" ಅಂದಿದ್ದಳು. ಬಾಳವ್ವ ಸೆರಗು ಬಾಯಿಗೆ ಹಿಡಿದು ನಕ್ಕಳೇ ಹೊರತು ಹೇಳಲಿಲ್ಲ. ಕೊನೆಗೆ ಅತ್ತೆಗೇ ಕನಿಕರ ಬಂದು ಒಳಗೆ ಕರೆದುಕೊಂಡಳು.

ಗಂಡ ಅಡಿವೆಪ್ಪ ಮೇಳದಲ್ಲಿ ಕರಡಿ ಬಾರಿಸುತ್ತಿದ್ದ. ಒಳ್ಳೆಯವನು, ಆದರೆ ಇದೊಂದು ಕೊರಗು ಅವನಿಗಿತ್ತು.

"ಊರ ಮಂದೀ ಗಂಡಂದಿರ ಹೆಸರೆಲ್ಲಾ ನಿನ್ನ ಬಾಯಾಗ ಕುಣಿತಾವ. ನಂದೊಂದ ಯಾಕ ಒಲ್ಲೆಂತಿ?" ಎನ್ನುತ್ತಿದ್ದ.

"ಹೇಳ್ತೇನ ಬಿಡ್ರಿ, ಮಗನ ತೊಟ್ಟಿಲದಾಗ."

ತೊಟ್ಟಿಲು ಬಂತು. ಬಾಳವ್ವ ನಾಚಿ ಅಡುಗೆಮನೆ ಸೇರಿದಳು.

"ಈಗ ಬಿಡ್ರಿ, ಜಾವಳದಾಗ ಹೇಳ್ತೇನ."

ಮಗನ ಕೂದಲು ತೆಗೆಸುವ ಜಾವಳವೂ ಬಂದು ಹೋಯಿತು. ಅಡಿವೆಪ್ಪ ಕೇಳುವುದನ್ನು ಬಿಟ್ಟುಬಿಟ್ಟ. ಕೇಳಿ ಕೇಳಿ ಬಿಟ್ಟವನ ಮುಖ ಹೇಗಿರುತ್ತದೆಂದು ಬಾಳವ್ವ ಆಗ ನೋಡಲಿಲ್ಲ. ನೋಡಬೇಕಿತ್ತು.

ಆ ರಾಜ್ಯದ ಅಂಚಿನ ಕರೀಗುಡ್ಡದ ಮೇಲೆ ಒಬ್ಬ ಮಾಯಗಾರನಿದ್ದ. ಅವನಿಗೆ ಹೆಸರೇ ಇರಲಿಲ್ಲ. ಹೆಸರಿಲ್ಲದವನನ್ನು ಮದುವೆಗೆ ಕರೆಯುವವರು ಯಾರು? ಕೆಳಗೆ ಮೇಳದ ಸದ್ದು ಕೇಳಿದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ರಾಜಕುಮಾರಿಯ ಮದುವೆಗೆಂದು ಮೇಳದವರು ಅರಮನೆಯ ಹಂದರಕ್ಕೆ ಬಂದು ನಿಂತಾಗ ಅವನು ಗಾಳಿಯಂತೆ ಇಳಿದು ಬಂದ.

"ಕರಡಿ ಬೇಕೇ ನಿಮಗೆ? ತೆಗೆದುಕೊಳ್ಳಿ ಕರಡಿ!" ಎಂದು ಬೂದಿ ಎರಚಿದ.

ಮೇಳದವರೆಲ್ಲ ಕರಿಯ ಕೂದಲಿನ ಕರಡಿಗಳಾದರು. ಅವರನ್ನು ಅಟ್ಟಿಕೊಂಡು ಮಾಯಗಾರ ಗುಡ್ಡ ಹತ್ತಿದ. ಮದುವೆ ನಿಂತಿತು. ರಾಜನ ಸೈನಿಕರು ಬೆನ್ನಟ್ಟಿ ಹೋದರೆ ಅವರ ಕತ್ತಿಗಳೆಲ್ಲ ಸೌತೆಕಾಯಿಗಳಾದವು. ಗುಡ್ಡದ ಮೇಲಿಂದ ಮಾಯಗಾರ ಕೂಗಿ ಹೇಳಿದ:

"ನನ್ನ ಕೋಟೆಗೆ ಮೂರು ಬಾಗಿಲು. ಹೆಂಡತಿಯಾದವಳು ಬಂದು ಬಾಗಿಲಲ್ಲಿ ಗಂಡನ ಹೆಸರು ಹೇಳಲಿ. ಒಬ್ಬಳು ಹೇಳಿದರೂ ನನ್ನ ಮಾಯೆಯೆಲ್ಲ ಒಡೆಯುತ್ತದೆ. ಹೇಳದಿದ್ದರೆ ಬಾಗಿಲಿಗೊಂದರಂತೆ ಅವಳ ಗಂಡನದೊಂದು ವಸ್ತು ನನ್ನದು, ಮಾಯೆ ಒಡೆದರೂ ಅದು ಮರಳಿ ಸಿಗದು."

ಹೀಗೆ ಹೇಳಿ ನಕ್ಕ. ಆ ರಾಜ್ಯದ ಹೆಂಗಸರ ಬಾಯಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಉಳಿದವರ ಹೆಂಡಂದಿರು ಗುಡ್ಡದ ಬುಡದಲ್ಲಿ ಅಳುತ್ತ ಕೂತರು. ಬಾಳವ್ವ ಮಗ ಕಲ್ಲೇಶಿಯನ್ನು ಅತ್ತೆಯ ಮಡಿಲಿಗೆ ಹಾಕಿ ಒಬ್ಬಳೇ ಹತ್ತಿದಳು.

ಮೊದಲನೆಯದು ಕಲ್ಲಿನ ಬಾಗಿಲು. ಮಾಯಗಾರ ಒಂದು ಕರಡಿಯನ್ನು ತಂದು ನಿಲ್ಲಿಸಿದ. ಅದರ ಕಣ್ಣು ನೋಡಿದ ಕೂಡಲೇ ಬಾಳವ್ವನಿಗೆ ಗುರುತು ಸಿಕ್ಕಿತು.

"ಯಾರಿವನು?"

"ನಮ್ಮನಿಯವ್ರು!" ಎಂದುಬಿಟ್ಟಳು ಬಾಳವ್ವ.

ಯೋಚಿಸಿ ಹೇಳಿದ್ದಲ್ಲ. ದಿನಾ ಬಾಯಲ್ಲಿದ್ದ ಮಾತು, ಬಾಯಿಂದ ಜಾರಿತು.

"ಇದು ಹೆಸರಲ್ಲ. ಅವನ ಯೌವನ ನನ್ನದು," ಎಂದ ಮಾಯಗಾರ. ಕರಡಿಯ ಕರಿಯ ಕೂದಲು ನೋಡನೋಡುತ್ತಲೇ ನರೆಯಿತು.

ಎರಡನೆಯದು ಕಬ್ಬಿಣದ ಬಾಗಿಲು. ಈ ಸಲ ಬಾಳವ್ವ ಎಚ್ಚರವಾಗಿದ್ದಳು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಭಯ ಹಿಡಿಯಿತು. ಈಗಲೇ ಮುದುಕರಾಗ್ಯಾರ, ಹೆಸರು ಹಿಡಿದು ಕರದು ಇದ್ದ ಆಯುಷ್ಯನೂ ಕಳೀಲೇನು? ಒಡಪು ಹೇಳಬಹುದಿತ್ತು. ಆದರೆ ಒಡಪು ಹಂದರದ ಕೆಳಗೆ ನಾಲ್ಕು ಮಂದಿಯ ನಗುವಿನ ನಡುವೆ ಹೇಳುವಂಥದ್ದು, ಇಂಥ ಕೆಟ್ಟ ಜಾಗದಲ್ಲಿ ಹೇಳಬಾರದು ಅಂದುಕೊಂಡಳು.

"ಯಾರಿವನು?"

"ನಮ್ಮ ಕಲ್ಲೇಶಿ ಅಪ್ಪಾರು."

"ಕಲ್ಲೇಶಿಯ ಹೆಸರು ಯಾರಿಗೆ ಬೇಕು? ಇವನ ಕಿವಿ ನನ್ನದು," ಎಂದ ಮಾಯಗಾರ.

ಕರಡಿ ತಲೆ ಒದರಿತು. ಗುಡ್ಡದ ಗಾಳಿ ಅಷ್ಟು ಜೋರಾಗಿ ಬೀಸುತ್ತಿದ್ದರೂ ಏನೂ ಕೇಳದೆ ಸುತ್ತಲೂ ನೋಡಿತು. ಬಾಳವ್ವ ಎದೆ ಎದೆ ಬಡಿದುಕೊಂಡು ಅತ್ತಳು.

ಮೂರನೆಯದು ತಾಮ್ರದ ಬಾಗಿಲು. "ಈಗ ಉಳಿದಿರುವುದು ಅವನ ಉಸಿರು. ಹೇಳು, ಯಾರಿವನು?"

ಬಾಳವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಂದರವಿಲ್ಲ, ನಾದಿನಿಯಿಲ್ಲ, ನಗುವವರಿಲ್ಲ. ಅವಳು ಗಟ್ಟಿಯಾಗಿ ಹೇಳಿದಳು:

"ಬಿಸಿ ಹೋಳಿಗಿ ಮ್ಯಾಲ ಆಕಳ ತುಪ್ಪ,
ಕೊರಳಾಗ ಕರಡಿ ಕಟ್ಯಾರ ನನ್ನ ಅಡಿವೆಪ್ಪ!"

ತಾಮ್ರದ ಬಾಗಿಲು ಒಡೆಯಿತು. ಕಬ್ಬಿಣದ್ದು ಒಡೆಯಿತು. ಕಲ್ಲಿನದು ಒಡೆಯಿತು. ಮಾಯಗಾರ ಒಂದು ಹಿಡಿ ಬೂದಿಯಾಗಿ ಗಾಳಿಗೆ ಹಾರಿಹೋದ. ಕರಡಿಗಳೆಲ್ಲ ಮನುಷ್ಯರಾಗಿ ಮೈಕೈ ಮುಟ್ಟಿ ನೋಡಿಕೊಂಡರು. ಬಾಳವ್ವನ ಮುಂದೆ ಅಡಿವೆಪ್ಪ ನಿಂತಿದ್ದ. ತಲೆಯೆಲ್ಲ ಬೆಳ್ಳಗೆ, ಬೆನ್ನು ಬಾಗಿತ್ತು. ಬಾಗಿಲಲ್ಲಿ ಕಳೆದುಕೊಂಡದ್ದು ಮರಳಿ ಬರಲಿಲ್ಲ. ಮಾಯಗಾರ ಇದ್ದಿದ್ದರೆ ಕಾಲು ಹಿಡಿದಾದರೂ ಬೇಡಬಹುದಿತ್ತು, ಬೂದಿಯನ್ನು ಏನೆಂದು ಬೇಡುವುದು?

ಆ ಒಡಪನ್ನು ಅವಳು ಮದುವೆ ನಿಶ್ಚಯವಾದ ದಿನವೇ ಕಟ್ಟಿಟ್ಟುಕೊಂಡಿದ್ದಳು. ನಾದಿನಿ ಅಡ್ಡ ನಿಂತ ಬಾಗಿಲಲ್ಲೇ ಹೇಳಿದ್ದರೆ ರೂಢಿಯಾಗುತ್ತಿತ್ತು. ಕಲ್ಲಿನ ಬಾಗಿಲಲ್ಲಾದರೂ ಹೇಳಿದ್ದರೆ ಗಂಡ ಇದ್ದ ಹಾಗೆಯೇ ಸಿಗುತ್ತಿದ್ದ. ಇಳಿಯುವ ದಾರಿಯುದ್ದಕ್ಕೂ ಅವಳಿಗೆ ಇದೇ ಯೋಚನೆ. ಅಡಿವೆಪ್ಪನಿಗೆ ಅದೊಂದೂ ಗೊತ್ತಿಲ್ಲ. ಹೆಂಡತಿ ಬಂದು ಬಿಡಿಸಿದಳು ಎಂದು ಅವಳ ಕೈ ಹಿಡಿದು ನಗುತ್ತ ಇಳಿದ.

ರಾಜಕುಮಾರಿಯ ಮದುವೆ ಮತ್ತೆ ನಡೆಯಿತು. ಮೇಳದವರು ಹಂದರ ನಡುಗುವ ಹಾಗೆ ಬಾರಿಸಿದರು. ತಾಳ ಕೇಳದವನು ಹೇಗೆ ಬಾರಿಸಿಯಾನು? ಅಡಿವೆಪ್ಪ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಂದಿಯ ಜೊತೆ ಕೂತಿದ್ದ. ರಾಣಿಯೇ ಎದ್ದು ಬಂದು, "ಬಾಳವ್ವಾ, ಇವತ್ತ ನಿನ್ನ ಒಡಪು ಮೊದಲು" ಅಂದಳು. ಬಾಳವ್ವ ಹಂದರದ ನಡುವೆ ನಿಂತು ಹೇಳಿದಳು. ಒಂದಿಷ್ಟೂ ನಾಚಲಿಲ್ಲ. ಹಂದರಕ್ಕೆ ಹಂದರವೇ ಹೋ ಎಂದಿತು. ಎಲ್ಲರೂ ನಕ್ಕದ್ದು ನೋಡಿ ಅಡಿವೆಪ್ಪನೂ ನಕ್ಕ.

ಅಂದಿನಿಂದ ಕೆಂಗಲ್ಲುಕೋಟೆಯಲ್ಲಿ ಯಾವ ಮಾಯಗಾರನ ಕಾಟವೂ ಇರಲಿಲ್ಲ. ರಾಜಕುಮಾರಿ ಮಕ್ಕಳು ಮೊಮ್ಮಕ್ಕಳನ್ನು ಕಂಡಳು, ಹಸಿವು ನೀರಡಿಕೆಯಿಲ್ಲದೆ ಎಲ್ಲರೂ ಸುಖವಾಗಿ ಬಾಳಿದರು. ಬಾಳವ್ವನ ಮನೆಯಲ್ಲೂ ಉಣ್ಣಲು ಉಡಲು ಕಡಿಮೆಯಿರಲಿಲ್ಲ. ದಿನಾ ಸಂಜೆ ಅಡಿವೆಪ್ಪ ಕಟ್ಟೆಯ ಮೇಲೆ ಕೂತಿರುವಾಗ ಅವಳು ಬಂದು ಅವನ ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದಳು:

"ಅಡಿವೆಪ್ಪ. ನನ್ನ ಅಡಿವೆಪ್ಪ."

ಅವನು ಅವಳ ತುಟಿ ಆಡುವುದನ್ನು ನೋಡಿ, ಮೊಣಕಾಲಿಗೆ ಕೈಯೂರಿ ಏಳುತ್ತಿದ್ದ.

"ಊಟಕ್ಕ ಕರದ್ಯಾ? ನಡಿ, ಬಂದೆ."