ಬೆಂಗ್ರೆ ತುದಿಯಲ್ಲಿ ಕೇಳಿಸಿದ ಕೆಮ್ಮು

ಸತ್ತು ವರ್ಷವಾಗುತ್ತ ಬಂದವರೊಬ್ಬರು ಫೋನಿನಲ್ಲಿ ಕೆಮ್ಮಿದ್ದರು.

ಹಾಗೆಂದು ಹೇಳಿದ್ದು ಅವರ ಹೆಂಡತಿ, ಮೂಡುಬಿದಿರೆಯ ತ್ರಿಶಲಾ. ಕೇಳಿಸಿಕೊಂಡದ್ದು ಮಡಂತ್ಯಾರಿನ ಕಾಂತಿ ಶೆಟ್ಟಿ. ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದು, ಕಳೆದ ಮಳೆಗಾಲದಲ್ಲಿ ನಿವೃತ್ತರಾದವರು. ನಾನು ನಿಝಾರ್, ಬಂಟ್ವಾಳದ ಪತ್ರಿಕಾ ವರದಿಗಾರ. ಕಾಂತಿಯವರಿಗೆ ಕಾರು ಬಿಡಲು ಬರುವುದಿಲ್ಲ. ನನಗೆ ಸುದ್ದಿ ಬೇಕು. ನಮ್ಮ ಸ್ನೇಹ ನಿಂತಿರುವುದು ಅಷ್ಟರ ಮೇಲೆ.

"ನಿಝಾರ್, ಗಾಡಿ ತೆಗಿ. ಮೂಡುಬಿದಿರೆಗೆ ಹೋಗುವ."

"ದೆವ್ವದ ಕೇಸಾ ಮೇಡಂ?"

"ಕೆಮ್ಮುವ ದೆವ್ವ ಮಾರಾಯ. ಔಷಧಿ ಕೊಡುವವರು ಯಾರೂ ಇರಲಿಲ್ಲವೋ ಏನೋ."

ತಮಾಷೆ ಅಲ್ಲಿಗೇ ನಿಂತಿತು. ರವಿರಾಜ ಹೆಗ್ಡೆಯವರ ಸಾವಿನ ಸುದ್ದಿಯನ್ನು ಹೋದ ವರ್ಷ ತ್ರಿಶಲಾಗೆ ಫೋನ್ ಮಾಡಿ ತಿಳಿಸಿದ್ದು ಇದೇ ಕಾಂತಿ. ಆಗ ಅವರು ಮಂಗಳೂರಿನಲ್ಲಿ ಕೆಲಸದಲ್ಲಿದ್ದರು. ಅಂಥ ಕರೆಗಳನ್ನು ಅವರು ನೂರಾರು ಮಾಡಿದ್ದಾರೆ. ಇದೊಂದನ್ನು ಮಾತ್ರ ಮರೆತಿರಲಿಲ್ಲ.

ರವಿರಾಜರದು ಮೂಡುಬಿದಿರೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಬಿಡುವು ಸಿಕ್ಕಿದರೆ ಹಕ್ಕಿ. ಚಳಿ ಇಳಿಯುವ ಹೊತ್ತಿಗೆ ಮಂಗಳೂರಿನಲ್ಲಿ ಮೀನಿನ ದೋಣಿಗಳು ನಿಲ್ಲುವ ದಕ್ಕೆಗೆ ಹೋಗಿ, ಫೆರಿ ದೋಣಿಯಲ್ಲಿ ನದಿ ದಾಟಿ, ನದಿಗೂ ಕಡಲಿಗೂ ನಡುವಿನ ಮರಳು ಪಟ್ಟಿಯಾದ ಬೆಂಗ್ರೆಯ ತುದಿಯವರೆಗೆ ನಡೆಯುತ್ತಿದ್ದರು. ಬಂಟ್ವಾಳದ ಮೂಲಕ ಹರಿದು ಬರುವ ನೇತ್ರಾವತಿ ಕಡಲು ಸೇರುವ ಅಳಿವೆ ಅದು. ಅಲೆ ತಡೆಯಲೆಂದು ಹಾಕಿದ ಕಲ್ಲಿನ ಗೋಡೆ ಕಡಲೊಳಗೆ ಚಾಚಿಕೊಂಡಿದೆ. ವಲಸೆ ಬಂದ ಗಲ್ ಎಂಬ ಬಿಳಿ ಕಡಲ ಹಕ್ಕಿಗಳು ಮರಳಿ ಹೋಗುವ ಮುಂಚೆ ಅಲ್ಲಿ ಸೇರುತ್ತವೆ. ಹೋದ ವರ್ಷ ಫೆಬ್ರವರಿ ಕೊನೆಯಲ್ಲಿ, ಅದೇ ಗೋಡೆಯಿಂದ ಬಿದ್ದು ರವಿರಾಜ ತೀರಿಕೊಂಡರು.

ಕಾಲು ಜಾರಿದ್ದು ಎಂದು ದಾಖಲಾಯಿತು. ಊರು ಒಪ್ಪಲಿಲ್ಲ. ಸಾಯುವ ಮುಂಚೆ ಅವರು ಹೆಂಡತಿಗೆ ಒಂದು ಕರೆ ಮಾಡಿದ್ದರು. ತ್ರಿಶಲಾ ಬಸದಿಯಲ್ಲಿದ್ದರು, ಫೋನ್ ಮನೆಯಲ್ಲಿತ್ತು. 'ಕೊನೆಯ ಮಾತು ಆಡಲಿಕ್ಕೆ ಕರೆದದ್ದು, ಅವಳು ಎತ್ತಲಿಲ್ಲ, ಹಾರಿದರು'—ಊರಿನ ತೀರ್ಪು ಇದು.

ತ್ರಿಶಲಾ ನಮ್ಮನ್ನು ಜಗಲಿಯಲ್ಲಿ ಕೂರಿಸಿದರು. ಮೇಜಿನ ಮೇಲೆ ಒಂದು ಫೋನ್.

"ಇದು ಅವರ ನಂಬರ್ ಕಾಂತಿಯಕ್ಕ. ಅವರ ಫೋನ್ ನೀರಿಗೆ ಹೋಯಿತು. ನಾನು ಅದೇ ನಂಬರಿನ ಸಿಮ್ ತೆಗೆಸಿ ಇಟ್ಟುಕೊಂಡಿದ್ದೇನೆ. ಹಕ್ಕಿ ನೋಡುವವರ ವಾಟ್ಸಾಪ್ ಗುಂಪು ಉಂಟಲ್ಲ, ಅದರ ಮೆಸೇಜು ಇವತ್ತಿಗೂ ಬರ್ತದೆ. ಯಾರೂ ಅವರನ್ನು ತೆಗೆದು ಹಾಕಲಿಲ್ಲ."

"ನೀವು ಓದ್ತೀರಾ?"

"ದಿನಾ. ಅವರು ಓದುತ್ತಿದ್ದರಲ್ಲ."

ಆ ದಿನ ಬೆಳಿಗ್ಗೆ ಗುಂಪಿಗೆ ಬಂದದ್ದು ಒಂದು ಧ್ವನಿಮುದ್ರಣ. ಹಾಕಿದವರು ಶೋಧನ್ ರೈ, ಮಾಣಿಯಲ್ಲಿ ಹೋಟೆಲ್ ಇರುವವರು. ಜೊತೆಗೆ ಒಂದು ಸಾಲು: 'ಇವತ್ತು ಬೆಳಿಗ್ಗೆ, ಬೆಂಗ್ರೆ ತುದಿ. ಆಯ್ಸ್ಟರ್‌ಕ್ಯಾಚರ್!' ಕಪ್ಪು ಬಿಳುಪು ಮೈ, ಕ್ಯಾರೆಟಿನಂಥ ಉದ್ದ ಕೆಂಪು ಕೊಕ್ಕಿನ ಹಕ್ಕಿ. ಈ ಗುಂಪಿನ ಯಾರಿಗೂ ಅದುವರೆಗೆ ಸಿಕ್ಕಿರಲಿಲ್ಲ. ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದ್ದವು.

ರವಿರಾಜರ ಹೆಡ್‌ಫೋನನ್ನು ಕಾಂತಿ ಕಿವಿಗೆ ಇಟ್ಟುಕೊಂಡರು. ಆಮೇಲೆ ನಾನು. ಅಲೆ. ಗಾಳಿ. ಸೀಟಿಯಂಥ ಚೂಪು ಕೂಗು, ಮತ್ತೆ ಮತ್ತೆ. ನಡುವೆ, ಬಹಳ ಹತ್ತಿರದಲ್ಲಿ, ಒಣ ಕೆಮ್ಮು. ಎರಡು ಸಲ. ಅದರ ಹಿಂದೆ ಎಲ್ಲೋ ಹೆಂಗಸಿನ ದನಿಯ ಹಾಡು, ನೂಲಿನಷ್ಟು ತೆಳು. ಮುಗಿಯಿತು.

"ಅವರದೇ," ತ್ರಿಶಲಾ ಅಂದರು. "ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಗೊತ್ತಾಗುವುದಿಲ್ಲವಾ? ಮಗಳು ತ್ರಿಶಾ ಹೇಳ್ತಾಳೆ, ಅಮ್ಮಾ ನಿಂಗೆ ಭ್ರಮೆ ಅಂತ."

"ಕೆಮ್ಮು ಸಾಕ್ಷಿ ಆಗುವುದಿಲ್ಲ ತ್ರಿಶಲಾ."

"ನನಗೆ ಸಾಕ್ಷಿ ಬೇಡ. ಅವರು ನಮ್ಮನ್ನು ಬಿಟ್ಟು ಹೋದರಾ, ಅಲ್ಲ ಹೋಗುವ ಹಾಗೆ ಆಯಿತಾ? ಅಷ್ಟು ತಿಳಿಸಿ. ಎತ್ತದ ಆ ಕರೆ ನನ್ನನ್ನು ಮಲಗಲಿಕ್ಕೆ ಬಿಡುವುದಿಲ್ಲ."

ಕಾಂತಿ ಮತ್ತೊಮ್ಮೆ ಕೇಳಿದರು. ಈ ಸಲ ಅವರ ಮುಖ ನೋಡಿ ನಾನು ಎದ್ದು ನಿಂತೆ. ಬಣ್ಣ ಇಳಿದಿತ್ತು.

"ಈ ಹಾಡು ಯಾವುದು ತ್ರಿಶಲಾ?"

"ಯಾವುದೋ ಜಿನಸ್ತುತಿಯ ಹಾಗೆ ಉಂಟು. ದೋಣಿಯ ರೇಡಿಯೋ ಇರಬೇಕು. ನಾನು ಕೇಳಿದ್ದಲ್ಲ."

"ನೀವು ಕೇಳಿರಲಿಕ್ಕಿಲ್ಲ," ಎಂದರು ಕಾಂತಿ. "ರವಿರಾಜರು ಹೊರಗಿನಿಂದ ಫೋನ್ ಮಾಡುವಾಗ ಹೇಗೆ ಮಾಡ್ತಿದ್ದರು? ಕಿವಿಗೆ ಇಟ್ಟಾ?"

"ಇಲ್ಲ, ಸ್ಪೀಕರ್ ಹಾಕಿ. ಕೈಯಲ್ಲಿ ಬೈನಾಕ್ಯುಲರ್ ಇರುತ್ತಿತ್ತಲ್ಲ. ಊರಿಗೆಲ್ಲ ಕೇಳ್ತದೆ ಅಂತ ನಾನು ಬೈಯುತ್ತಿದ್ದೆ."

ಮರುದಿನ ಬೆಳಿಗ್ಗೆ ದಕ್ಕೆಯಲ್ಲಿ ಉಜ್ವಲ್ ಸಿಕ್ಕಿದ. ಚಾರ್ಮಾಡಿ ರಸ್ತೆಯ ಕಕ್ಕಿಂಜೆಯವನು, ಅದೇ ಗುಂಪಿನ ಸದಸ್ಯ. ರವಿರಾಜರನ್ನು ಆ ದಿನ ಬೈಕಿನಲ್ಲಿ ಫೆರಿಯ ತನಕ ಬಿಟ್ಟವನು ಅವನೇ. ಅದರ ಹಿಂದಿನ ವಾರ ಒಂದು ಫೋಟೊದ ವಿಷಯದಲ್ಲಿ ಇಬ್ಬರಿಗೂ ಜಗಳವಾಗಿತ್ತು ಎಂಬುದೂ ಎಲ್ಲರಿಗೂ ಗೊತ್ತಿತ್ತು.

"ನನ್ನನ್ನೇ ಮತ್ತೆ ಕೇಳಲಿಕ್ಕೆ ಬಂದದ್ದಾ ಮೇಡಂ? ವರ್ಷದಿಂದ ಗುಂಪಿನವರು ನನ್ನ ಜೊತೆ ಚಾ ಕುಡಿಯುವುದಿಲ್ಲ."

"ಆ ದಿನ ನೀನು ನದಿ ದಾಟಲಿಲ್ಲವಾ?"

"ಇಲ್ಲ. ಬೆಳ್ತಂಗಡಿಯಲ್ಲಿ ಕೆಲಸ ಇತ್ತು. ಅವರು ಒಬ್ಬರೇ ದೋಣಿ ಹತ್ತಿದ್ದು."

"ಶೋಧನ್?"

"ಮಾಣಿಯಲ್ಲಿ ಹೋಟೆಲಿನಲ್ಲೇ ಇದ್ದೆ ಅಂತ ಆಗಲೇ ಹೇಳಿದ್ದಾರಲ್ಲ. ದೋಣಿಯವರೂ ನೋಡಲಿಲ್ಲ."

"ಬೆಂಗ್ರೆಗೆ ದೋಣಿಯಲ್ಲೇ ಹೋಗಬೇಕಾ?"

ಉಜ್ವಲ್ ನದಿಯಾಚೆ ನೋಡಿದ. "ಇಲ್ಲ... ತಣ್ಣೀರುಬಾವಿ ಕಡೆಯಿಂದ ರಸ್ತೆ ಉಂಟು. ಕಾರು ಬರ್ತದೆ." ಆಮೇಲೆ ನಿಧಾನವಾಗಿ, "ನಿನ್ನೆ ನಾವು ಏಳೆಂಟು ಜನ ಆ ಹಕ್ಕಿ ನೋಡಲಿಕ್ಕೆ ಓಡಿ ಬಂದೆವು. ಸಂಜೆ ತನಕ ಹುಡುಕಿದೆವು. ಒಂದು ಗರಿಯೂ ಇಲ್ಲ."

ಉಜ್ವಲ್‌ನನ್ನೂ ತ್ರಿಶಲಾರನ್ನೂ ಕರೆದುಕೊಂಡು ನಾವು ದೋಣಿ ಹತ್ತಿದೆವು. ಅಂಚಿನಲ್ಲಿ ಸೆರಗು ಬಿಗಿಹಿಡಿದು ತ್ರಿಶಲಾ ಕೂತಿದ್ದರು. ಅಳಿವೆಯನ್ನು ಅವರು ನೋಡುತ್ತಿದ್ದುದು ಇದೇ ಮೊದಲು. ಮೀನಿನ ವಾಸನೆಯ ನೀರಿನ ಮೇಲೆ ಗಲ್ ಹಕ್ಕಿಗಳು ಸುತ್ತುತ್ತಿದ್ದವು. ಕೆಲವುಗಳ ಬಿಳಿ ತಲೆ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು, ಮಸಿ ಬಟ್ಟೆಯಿಂದ ಒರೆಸಿದ ಹಾಗೆ.

"ನೋಡು ನಿಝಾರ್, ದಕ್ಕೆಗೆ ಬಂದು ಬಂಗುಡೆ ಬಿಟ್ಟು ಹಕ್ಕಿ ನೋಡುವ ಜಾತಿ ಇದು," ಎಂದರು ಕಾಂತಿ. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಬೆಂಗ್ರೆ ತುದಿಯಲ್ಲಿ ಶೋಧನ್ ಕಾಯುತ್ತಿದ್ದರು. ಹಕ್ಕಿ ಸಿಕ್ಕಿದ ಜಾಗ ತೋರಿಸಿ, ಪತ್ರಿಕೆಗೆ ಬರೆಯುತ್ತೇವೆ ಎಂದು ನಾನೇ ಕರೆದಿದ್ದೆ. ಕುತ್ತಿಗೆಯಲ್ಲಿ ಕ್ಯಾಮರಾ, ಸೊಂಟದ ಚೀಲದಲ್ಲಿ ಧ್ವನಿಮುದ್ರಣದ ಯಂತ್ರ. ತ್ರಿಶಲಾರನ್ನು ಕಂಡದ್ದೇ ನಗು ಸ್ವಲ್ಪ ಇಳಿಯಿತು.

"ಅಕ್ಕ, ನೀವೂ ಬಂದಿರಾ?"

ಗೋಡೆಯ ಕೆಳಗೆ ನೀರು ಕಲ್ಲುಗಳ ಸಂದಿಗೆ ನುಗ್ಗಿ, ಉಸಿರು ಕಟ್ಟಿದವರ ಹಾಗೆ ಸದ್ದು ಮಾಡಿ ಹಿಂದೆ ಸರಿಯುತ್ತಿತ್ತು. ತ್ರಿಶಲಾ ಅದನ್ನೇ ನೋಡುತ್ತ ನಿಂತರು.

ಕಾಂತಿ ಶುರುಮಾಡಿದರು.

"ಹಕ್ಕಿ ಎಲ್ಲಿತ್ತು ಶೋಧನ್?"

"ಓ ಆ ಚಪ್ಪಟೆ ಕಲ್ಲಿನ ಮೇಲೆ ಮೇಡಂ."

"ನಿನ್ನೆ ಬೆಳಿಗ್ಗೆ?"

"ನಿನ್ನೆ ಬೆಳಿಗ್ಗೆ."

"ನೀವು ಒಬ್ಬರೇ?"

"ಒಬ್ಬನೇ. ಜನ ಇದ್ದರೆ ಹಕ್ಕಿ ನಿಲ್ತದಾ?"

"ಕೆಮ್ಮಿದ್ದು ಯಾರು?"

"ನಾನೇ. ಈ ಗಾಳಿಗೆ ಯಾರಿಗಾದರೂ ಕೆಮ್ಮು ಬರ್ತದೆ."

"ಹಾಡಿದ್ದು?"

"ಯಾವ ಹಾಡು?"

ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಕಾಂತಿ ಹೆಡ್‌ಫೋನ್ ಕೊಟ್ಟರು. ಶೋಧನ್ ಕಣ್ಣು ಕಿರಿದು ಮಾಡಿ ಕೇಳಿದರು.

"ಓ, ಅದಾ? ದೋಣಿಯವರದ್ದು. ಇಷ್ಟು ಬೋಟು ಹೋಗ್ತದೆ ಇಲ್ಲಿ."

"ಬೋಟಿನವರು ಜಿನಸ್ತುತಿ ಹಾಕ್ತಾರಾ? ಒಳ್ಳೆಯದೇ. ಮೀನುಗಳಿಗೂ ಪುಣ್ಯ."

"ಯಾರದ್ದೋ ಮೊಬೈಲ್ ಇರಬಹುದು ಮೇಡಂ."

"ಸರಿಯಾಗಿ ಹೇಳಿದಿರಿ. ಮೊಬೈಲೇ." ಕಾಂತಿ ತ್ರಿಶಲಾ ಕಡೆ ತಿರುಗಿದರು. "ನಿಮಗೆ ಯಾರಾದರೂ ಕರೆ ಮಾಡಿದರೆ ಅವರಿಗೆ ಎಂತ ಕೇಳ್ತದೆ?"

"ರಿಂಗ್ ಕೇಳ್ತದೆ. ಮತ್ತೆಂತ?"

"ಹೋದ ವರ್ಷ?"

ತ್ರಿಶಲಾ ಯೋಚಿಸಿದರು. "ತ್ರಿಶಾ ಏನೋ ಕಾಲರ್ ಟ್ಯೂನ್ ಹಾಕಿದ್ದಳು. ಅವರು ತೀರಿಕೊಂಡ ಹಿಂದಿನ ದಿನ ರಾತ್ರಿ. ಮರುದಿನವೇ ಎಲ್ಲ ಮುಗಿಯಿತು. ಸಾವಿನ ಮನೆಗೆ ಫೋನ್ ಮಾಡಿದರೆ ಹಾಡು ಬರ್ತದೆ ಅಂತ ಯಾರೋ ಹೇಳಿದರು, ಅವಳು ಕೂಡಲೇ ತೆಗೆಸಿದಳು. ಯಾವ ಹಾಡು ಅಂತ ನನಗೆ..." ಅವರು ಮಾತು ನಿಲ್ಲಿಸಿದರು.

"ನಿಮಗೆ ಗೊತ್ತಿರುವುದು ಹೇಗೆ? ತನ್ನ ಫೋನಿನ ಕಾಲರ್ ಟ್ಯೂನ್ ಯಾರೂ ಕೇಳಿಸಿಕೊಳ್ಳುವುದಿಲ್ಲ. ಕರೆ ಮಾಡಿದವರಿಗೆ ಮಾತ್ರ ಅದು ಕೇಳುವುದು. ಆ ಮಧ್ಯಾಹ್ನ ಕರೆ ಮಾಡಿದವಳು ನಾನು. ನಿಮ್ಮ ಗಂಡ ಇಲ್ಲ ಅಂತ ಹೇಳಲಿಕ್ಕೆ. ನೀವು ಎತ್ತುವ ತನಕ ಈ ಸ್ತುತಿ ಕೇಳುತ್ತ ನಿಂತಿದ್ದೆ. ವರ್ಷ ಆಯಿತು, ಕಿವಿಯಿಂದ ಹೋಗಲಿಲ್ಲ."

ಶೋಧನ್ ಹೆಡ್‌ಫೋನನ್ನು ಕಿವಿಯಿಂದ ತೆಗೆದರು.

"ನಿನ್ನೆ ರಾತ್ರಿ ತ್ರಿಶಾಳಿಗೂ ಕೇಳಿಸಿದ್ದೇನೆ," ಕಾಂತಿ ಮುಂದುವರಿಸಿದರು. "ಅದೇ ಹಾಡು ಅಂದಳು. ಹಾಕಿದ್ದು ಯಾವಾಗ, ತೆಗೆದದ್ದು ಯಾವಾಗ, ಕಂಪನಿಯವರು ಹೇಳ್ತಾರೆ. ಆ ಬೆಳಿಗ್ಗೆ, ಈ ಕಲ್ಲಿನ ಮೇಲಿಂದ ತ್ರಿಶಲಾಗೆ ಕರೆ ಮಾಡಿದವರು ಒಬ್ಬರೇ. ರವಿರಾಜರು. ಸ್ಪೀಕರ್ ಹಾಕಿ. ಶೋಧನ್, ನಿಮ್ಮ ರೆಕಾರ್ಡು ನಿನ್ನೆಯದಲ್ಲ. ಅವರು ಸತ್ತ ದಿನದ್ದು. ಮಾಣಿಯಲ್ಲಿದ್ದ ನೀವು ಬೆಂಗ್ರೆಯ ಹಕ್ಕಿಯನ್ನು ರೆಕಾರ್ಡು ಮಾಡಿದ್ದು ಹೇಗೆ?"

ಶೋಧನ್ ಒಂದು ಹೆಜ್ಜೆ ಹಿಂದೆ ಸರಿದರು.

ಉಜ್ವಲ್ ಮೆಲ್ಲಗೆ ಅಂದ: "ಹಾಕದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಶೋಧನಣ್ಣ."

"ಹಾಕದೆ ಇರಲಿಕ್ಕೆ ಆಗುವುದಿಲ್ಲ," ಎಂದರು ಕಾಂತಿ. "ಅದೇ ನಿಮ್ಮವರ ಕಾಯಿಲೆ. ಕಳ್ಳ ಚಿನ್ನವನ್ನು ಹೂತಿಡ್ತಾನೆ. ನೀವು, ಯಾರೂ ಕಾಣದ ಹಕ್ಕಿ ಸಿಕ್ಕಿದರೆ, ವರ್ಷವಾದರೂ ಒಳಗೆ ಇಟ್ಟುಕೊಳ್ಳಲಾರಿರಿ. ಹಕ್ಕಿ ಬರುವ ಕಾಲ ಮತ್ತೆ ಬರಲಿ ಅಂತ ಕಾದಿರಿ, ನಿನ್ನೆಯ ತಾರೀಕು ಕೊಟ್ಟು ಹಾಕಿದಿರಿ. ಮಾತು ಇದ್ದ ಭಾಗ ಕತ್ತರಿಸಿದಿರಿ. ನಿಮ್ಮ ಕಿವಿ ಹಕ್ಕಿಯ ಕೂಗಿನಲ್ಲೇ ಇತ್ತು, ಹಿಂದಿನ ಹಾಡು ಕೇಳಲಿಲ್ಲ. ಪೂರ್ತಿ ಮುದ್ರಣವನ್ನು ಅಳಿಸಿರಲಿಕ್ಕಿಲ್ಲ, ಆ ಹಕ್ಕಿ ಅದರಲ್ಲಿ ಉಂಟಲ್ಲ. ಎಲ್ಲುಂಟು ಅದು?"

ಶೋಧನರ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ಅಷ್ಟರಲ್ಲಿ, ಕಾಂತಿ ಮೊದಲೇ ಹೇಳಿ ಕರೆಸಿದ್ದ ಇನ್‌ಸ್ಪೆಕ್ಟರ್ ಗಾಳಿಮರಗಳ ಕಡೆಯಿಂದ ಮಫ್ತಿಯಲ್ಲಿ ಬಂದು ಕೈ ಚಾಚಿದರು. ಶೋಧನ್ ಯಂತ್ರ ಕೊಟ್ಟುಬಿಟ್ಟರು.

"ಹಕ್ಕಿ ಕೂತೇ ಇತ್ತು," ಎಂದರು, ಯಾರನ್ನೂ ನೋಡದೆ. "ರೆಕ್ಕೆ ಬಿಚ್ಚಿದ ಫೋಟೊ ಬೇಕಿತ್ತು. ಕಲ್ಲು ಎಸೆಯಲಿಕ್ಕೆ ಎತ್ತಿದೆ. ಅವರು ಕೈ ಹಿಡಿದುಕೊಂಡರು. ಪ್ರಾಣಿಗೆ ಕಲ್ಲೆಸೆಯುವವನು ನೀನೆಂತ ಹಕ್ಕಿ ನೋಡುವವನು ಅಂದರು. ದೂಡಿದೆ. ಅಷ್ಟೇ ಮೇಡಂ. ಬಿದ್ದ ಕೂಡಲೇ ಹೋಗಿಬಿಟ್ಟರು. ನಾನು ಮಾಡುವಂಥದ್ದು ಏನೂ ಇರಲಿಲ್ಲ."

"ಪೂರ್ತಿ ಹಾಕಿ," ಎಂದರು ತ್ರಿಶಲಾ.

"ಬೇಡ ತ್ರಿಶಲಾ. ಕೋರ್ಟಿನಲ್ಲಿ—"

"ಹಾಕಿ ಕಾಂತಿಯಕ್ಕ."

ಕಾಂತಿ ಇನ್‌ಸ್ಪೆಕ್ಟರ್ ಮುಖ ನೋಡಿದರು. ಅವರು ತಲೆಯಾಡಿಸಿ ಗುಂಡಿ ಒತ್ತಿದರು.

ಅಲೆ. ಹಕ್ಕಿ. ಕೆಮ್ಮು. ಸ್ತುತಿ. ಆಮೇಲೆ ರವಿರಾಜರ ದನಿ, ನಗುತ್ತಿತ್ತು: "ಓ, ಹಾಡು ಹಾಕಿದ್ದಾಳೆ ಮಾರಾಯ! ತೆಗಿ ತ್ರಿಶಲಾ, ಫೋನ್ ತೆಗಿ, ಕೆಂಪು ಕೊಕ್ಕಿನದು ಬಂದಿದೆ..." ಕಲ್ಲು ಉರುಳಿದ ಸದ್ದು. ಎರಡು ದನಿಗಳು ಏರಿದವು. ಭಾರವಾದದ್ದು ನೀರಿಗೆ ಬಿತ್ತು.

ಯಂತ್ರ ಕಲ್ಲಿನ ಮೇಲೆ ಹಾಗೇ ಓಡುತ್ತಿತ್ತು. ಕೆಳಗಿನಿಂದ, ಅಲೆಗಳ ನಡುವೆ: "ಶೋಧನ್! ಕೈ ಕೊಡು... ಶೋಧನ್!" ಹೆಜ್ಜೆಗಳು ಹತ್ತಿರ ಬಂದವು. ನಿಂತವು. ಮತ್ತೆ ಹೆಸರು, ಈ ಸಲ ಸಣ್ಣಗೆ. ಯಾರೋ ಯಂತ್ರವನ್ನು ಎತ್ತಿಕೊಂಡ ಸದ್ದು. ಮುಗಿಯಿತು.

ಶೋಧನ್ ಮರಳಿನ ಮೇಲೆ ಕುಸಿದು ಕೂತರು. ಅವರನ್ನು ಯಾರೂ ನೋಡಲಿಲ್ಲ.

ತ್ರಿಶಲಾ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ನೀರಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ನೀವು ಪೇಪರಿನವರಲ್ಲವಾ?"

"ಹೌದು."

"ನಾಳೆ ಬರೆಯುವಾಗ ದೂಡಿದ್ದು ಮಾತ್ರ ಬರೆಯಬೇಡಿ. ಕೂಗಿದರು ಅಂತ ಹಾಕಿ. ನೀರಿನಿಂದ ಹೆಸರು ಹಿಡಿದು ಕೂಗಿದರು, ಕೈ ಕೇಳಿದರು. ಊರಿನವರು ಓದಲಿ. ಅವರು ಮನೆಗೆ ಬರಲಿಕ್ಕೆ ನೋಡಿದ್ದಾರೆ."